ಇನ್ನೂರನೇ ರ‍್ಯಾಂಕಿನವನ ಪರವಾಗಿ

ಮಕ್ಕಳನ್ನು ಟೆನಿಸ್ ಕೋರ್ಟಿಗೆ ಕಳಿಸುತ್ತಿರುವ ಕರ್ನಾಟಕದ ಅಪ್ಪ ಅಮ್ಮಂದಿರಿಗೆ ಒಂದು ಬಹಿರಂಗ ಪತ್ರ



ನಿಮ್ಮ ಮನೆಯಲ್ಲಿ ಹನ್ನೆರಡೋ ಹದಿನಾಲ್ಕೋ ವಯಸ್ಸಿನ ಮಗುವೊಂದು ಬೆಳಕು ಹರಿಯುವ ಮೊದಲೇ ಎದ್ದು ಕಿಟ್ ಬ್ಯಾಗ್ ಹೆಗಲಿಗೇರಿಸಿ ಹೊರಡುತ್ತದೆ. ಕೋಚಿಂಗ್ ಫೀಸು, ಶೂ, ಗಟ್ಟಿಂಗು, ಊರೂರಿನ ಟೂರ್ನಿಗೆ ರಾತ್ರಿ ಬಸ್ಸು, ಲಾಡ್ಜು, ಈ ಖರ್ಚೆಲ್ಲ ನಿಮಗೆ ಬಾಯಿಪಾಠ. ಎಂದಾದರೊಂದು ದಿನ ಕೋಚ್ ಪಕ್ಕದಲ್ಲಿ ನಿಂತು ನೀವು ಕೇಳುವ ಪ್ರಶ್ನೆಯೂ ನನಗೆ ಗೊತ್ತು: "ಸರ್, ಇವನು ಎಲ್ಲಿಯವರೆಗೆ ಹೋಗಬಹುದು?" ಅದಕ್ಕೆ ಕೋಚ್ ದೊಡ್ಡ ಚಾಂಪಿಯನ್ ಒಬ್ಬನ ಹೆಸರು ಹೇಳಿದರೆ ಮನಸ್ಸು ಅರಳುತ್ತದೆ. "ಎಲ್ಲಾ ಸರಿಯಾಗಿ ನಡೆದರೆ ಇನ್ನೂರನೇ ರ‍್ಯಾಂಕಿನ ಹತ್ತಿರ" ಎಂದರೆ ಮುಖ ಬಾಡುತ್ತದೆ. ಮುಖ ಬಾಡಬಾರದು ಎಂದು ಹೇಳುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ. ಅದಕ್ಕಾಗಿ ಫ್ರಾನ್ಸಿನ ಒಬ್ಬ ಆಟಗಾರನ ಕಥೆ ಹೇಳಬೇಕು.

ಆತನ ಹೆಸರು ಬೆಂಜಮಿನ್ ಬೊಂಜಿ. ನಿಮ್ಮಲ್ಲಿ ಕೆಲವರು ಅವರನ್ನು ಕಣ್ಣಾರೆ ಕಂಡಿರುತ್ತೀರಿ, ಆದರೆ ನೆನಪಿರಲಾರದು. 2020ರ ಫೆಬ್ರುವರಿಯಲ್ಲಿ ಕಬ್ಬನ್ ಪಾರ್ಕಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆ ಕೆಎಸ್‌ಎಲ್‌ಟಿಎ ಅಂಗಳದಲ್ಲಿ ಬೆಂಗಳೂರು ಓಪನ್ ಚಾಲೆಂಜರ್, ಅಂದರೆ ಮುಖ್ಯ ಎಟಿಪಿ ಟೂರ್ನಿಗಳಿಗಿಂತ ಒಂದು ಮೆಟ್ಟಿಲು ಕೆಳಗಿನ ಟೂರ್ನಿ, ನಡೆಯಿತು. ಆ ವಾರ ಎಲ್ಲರ ಕಣ್ಣೂ ಲಿಯಾಂಡರ್ ಪೇಸ್ ಮೇಲೆ. ಅದು ಅವರ ವಿದಾಯದ ವರ್ಷವೆಂದು ಆಗಲೇ ಘೋಷಣೆಯಾಗಿತ್ತು. ಮ್ಯಾಥ್ಯೂ ಎಬ್ಡನ್ ಜತೆಗೂಡಿ ಅವರು ಡಬಲ್ಸ್ ಫೈನಲ್ ತಲುಪಿ, ಪುರವ್ ರಾಜಾ ಮತ್ತು ರಾಮ್‌ಕುಮಾರ್ ರಾಮನಾಥನ್ ಜೋಡಿಗೆ ಸೋತರು. ಸಿಂಗಲ್ಸ್ ಫೈನಲ್‌ನಲ್ಲಿ ಆಸ್ಟ್ರೇಲಿಯದ ಜೇಮ್ಸ್ ಡಕ್ವರ್ತ್ 6-4, 6-4ರಿಂದ ಗೆದ್ದರು. ಎದುರಿಗಿದ್ದವರು 23 ವರ್ಷದ ಬೊಂಜಿ. ಆಗ ಅವರ ರ‍್ಯಾಂಕು ಇನ್ನೂರರಿಂದ ಆಚೆಗಿತ್ತು.

ಬೊಂಜಿ ಹುಟ್ಟಿದ್ದು 1996ರ ಜೂನ್‌ನಲ್ಲಿ, ದಕ್ಷಿಣ ಫ್ರಾನ್ಸಿನ ನೀಮ್ ಪಟ್ಟಣದಲ್ಲಿ. ಬಾಲಕನಾಗಿದ್ದಾಗ ಅವರ ಬಗ್ಗೆ ಭರವಸೆ ಇಡಲು ಕಾರಣವಿತ್ತು. 2014ರಲ್ಲಿ ಕ್ವೆಂಟಿನ್ ಹಾಲಿಸ್ ಜತೆ ಸೇರಿ ಫ್ರೆಂಚ್ ಓಪನ್ ಬಾಲಕರ ಡಬಲ್ಸ್ ಪ್ರಶಸ್ತಿ ಗೆದ್ದಿದ್ದರು. 2017ರಲ್ಲಿ ಫ್ರೆಂಚ್ ಓಪನ್ ಮುಖ್ಯ ಸುತ್ತಿಗೆ ವೈಲ್ಡ್ ಕಾರ್ಡ್, ಅಂದರೆ ರ‍್ಯಾಂಕು ಸಾಲದಿದ್ದರೂ ಆಯೋಜಕರು ಕೊಡುವ ಪ್ರವೇಶ, ಸಿಕ್ಕಿತು. ಮೊದಲ ಪಂದ್ಯದಲ್ಲಿ ಎದುರಾಳಿ ನಾಲ್ಕನೇ ಸೆಟ್ಟಿನಲ್ಲಿ ಆಟ ಬಿಟ್ಟು ಹಿಂದೆ ಸರಿದದ್ದರಿಂದ ಬೊಂಜಿ ಗೆದ್ದರು. ಆ ಎದುರಾಳಿ ಡ್ಯಾನಿಲ್ ಮೆಡ್ವೆಡೆವ್, ಮುಂದೆ ವಿಶ್ವದ ಒಂದನೇ ರ‍್ಯಾಂಕಿಗೆ ಏರಿದವರು. ಅಂದು ಗೆದ್ದವನು ಮೂರು ವರ್ಷಗಳ ನಂತರ ಬೆಂಗಳೂರಿಗೆ ಬಂದಾಗ ಇನ್ನೂರರೊಳಗೂ ಇರಲಿಲ್ಲ.

ಇಲ್ಲಿ ಒಂದು ಕ್ಷಣ ನಿಲ್ಲಿ. ಹದಿನೇಳರಲ್ಲಿ ಜೂನಿಯರ್ ಗ್ರ್ಯಾನ್ ಸ್ಲಾಮ್ ಡಬಲ್ಸ್ ಗೆದ್ದ ಹುಡುಗ, ಇಪ್ಪತ್ಮೂರರಲ್ಲೂ ಮೇಲೆ ಬಂದಿಲ್ಲ. ನಮ್ಮ ಮನೆಗಳಲ್ಲಾಗಿದ್ದರೆ ಅಷ್ಟು ಹೊತ್ತಿಗೆ ತೀರ್ಮಾನವಾಗಿಬಿಡುತ್ತಿತ್ತು. ಆಟ ಸಾಕು, ಡಿಗ್ರಿ ಮುಗಿಸು, ಕೆಲಸ ನೋಡಿಕೋ. ಹಾಗೆ ಹೇಳುವವರನ್ನು ನಾನು ದೂರಲಾರೆ, ಅವರ ಭಯಕ್ಕೆ ಕಾರಣವಿದೆ. ಆದರೆ ಆ ತೀರ್ಮಾನ ಅವಸರದ್ದು ಎಂಬುದನ್ನು ಬೊಂಜಿಯ ಮುಂದಿನ ವರ್ಷಗಳು ತೋರಿಸುತ್ತವೆ.

ಬೆಂಗಳೂರಿನ ಫೈನಲ್ ಮುಗಿದ ಕೆಲವೇ ವಾರಗಳಲ್ಲಿ ಕೋವಿಡ್ ಬಂತು, ಜಗತ್ತಿನ ಟೆನಿಸ್ ಎಲ್ಲ ನಿಂತಿತು. ಮತ್ತೆ ಶುರುವಾದಾಗ ಆ ವರ್ಷದ ಫ್ರೆಂಚ್ ಓಪನ್‌ನಲ್ಲಿ ಬೊಂಜಿ ಅರ್ಹತಾ ಸುತ್ತು ದಾಟಿ ಬಂದು, ಫಿನ್ಲೆಂಡಿನ ಎಮಿಲ್ ರೂಸುವುವೊರಿ ಅವರನ್ನು ಸೋಲಿಸಿ, ಎರಡನೇ ಸುತ್ತಿನಲ್ಲಿ ಯಾನಿಕ್ ಸಿನ್ನರ್ ಎಂಬ ಹದಿಹರೆಯದ ಹುಡುಗನಿಗೆ ಸೋತರು. 2021ರಲ್ಲಿ ಬೊಂಜಿ ಗೆದ್ದದ್ದು ಆರು ಚಾಲೆಂಜರ್ ಪ್ರಶಸ್ತಿ: ದಕ್ಷಿಣ ಆಫ್ರಿಕದ ಪಾಚೆಫ್‌ಸ್ಟ್ರೂಮ್, ಜೆಕ್ ದೇಶದ ಒಸ್ತ್ರಾವಾ, ಸ್ಪೇನಿನ ಸೆಗೋವಿಯಾ, ಮತ್ತೆ ತನ್ನದೇ ದೇಶದ ಸೇಂಟ್ ಟ್ರೊಪೇ, ಕಸ್ಸಿ, ರೆನ್. ಒಂದೇ ವರ್ಷದಲ್ಲಿ ಆರು ಎಂಬುದು ಅದುವರೆಗಿನ ದಾಖಲೆಗೆ ಸಮ. ಅದೇ ವರ್ಷ ನೆದರ್ಲೆಂಡ್ಸಿನ ಟ್ಯಾಲನ್ ಗ್ರೀಕ್ಸ್‌ಪೂರ್ ಎಂಟು ಗೆದ್ದದ್ದರಿಂದ ಈ ಆರು ಹೆಚ್ಚು ಸುದ್ದಿಯಾಗಲಿಲ್ಲ. ಆದರೂ ಇಪ್ಪತ್ತೈದರ ವಯಸ್ಸಿನಲ್ಲಿ ಬೊಂಜಿ ಮೊದಲ ನೂರರೊಳಗೆ ಕಾಲಿಟ್ಟರು.

ಈ ನೂರರ ಗೆರೆ ಯಾಕೆ ಅಷ್ಟು ದೊಡ್ಡದು ಎಂದು ಕೇಳುತ್ತೀರಿ. ಗ್ರ್ಯಾನ್ ಸ್ಲಾಮ್ ಸಿಂಗಲ್ಸ್ ಮುಖ್ಯ ಸುತ್ತಿನಲ್ಲಿ 128 ಜಾಗ. ಅದರಲ್ಲಿ 104 ಮಂದಿಗೆ ರ‍್ಯಾಂಕಿನ ಬಲದಿಂದ ನೇರ ಪ್ರವೇಶ. 16 ಮಂದಿ ಅರ್ಹತಾ ಸುತ್ತಿನಲ್ಲಿ ಸತತ ಮೂರು ಪಂದ್ಯ ಗೆದ್ದು ಬರಬೇಕು. ಉಳಿದ ಎಂಟು ವೈಲ್ಡ್ ಕಾರ್ಡ್‌ಗಳು ಆತಿಥೇಯರ ಕೈಯಲ್ಲಿ. 2025ರ ಫ್ರೆಂಚ್ ಓಪನ್‌ನಲ್ಲಿ ಮುಖ್ಯ ಸುತ್ತಿನ ಮೊದಲ ಪಂದ್ಯ ಸೋತವರಿಗೂ 78,000 ಯೂರೊ ಸಿಕ್ಕಿತು. ಅರ್ಹತಾ ಸುತ್ತಿನ ಮೊದಲ ಪಂದ್ಯ ಸೋತವರಿಗೆ 21,000. ಗೆರೆಯ ಈಚೆ ಇದ್ದವನಿಗೆ ವರ್ಷಕ್ಕೆ ನಾಲ್ಕು ಸಲ ಆ ದೊಡ್ಡ ಚೆಕ್ಕು ಖಾತರಿ. ಅದರಿಂದ ಕೋಚ್‌ಗೆ ಸಂಬಳ ಕೊಡಬಹುದು, ಫಿಸಿಯೋ ಇಟ್ಟುಕೊಳ್ಳಬಹುದು, ಗಾಯವಾದರೆ ಎರಡು ತಿಂಗಳು ಮನೆಯಲ್ಲಿ ಕೂರಬಹುದು. ಗೆರೆಯ ಆಚೆ ಇದ್ದವನು ಇದನ್ನೆಲ್ಲ ಒಬ್ಬನೇ ನಿಭಾಯಿಸಬೇಕು. ಇನ್ನೂ ಕೆಳಗೆ ಹೋದರೆ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ 15,000 ಡಾಲರ್ ಟೂರ್ನಿಗಳಿವೆ. ಅಲ್ಲಿ ಇಡೀ ವಾರ ಆಡಿ ಪ್ರಶಸ್ತಿ ಗೆದ್ದವನಿಗೆ 2,160 ಡಾಲರ್, ಮೊದಲ ಸುತ್ತಿನಲ್ಲಿ ಸೋತವನಿಗೆ 156. ವಿಮಾನದ ಟಿಕೆಟ್ಟಿಗೂ ಸಾಲದು.

ಅದೇ ಒಕ್ಕೂಟ 2013ರ ಲೆಕ್ಕಗಳನ್ನಿಟ್ಟು ಒಂದು ಅಧ್ಯಯನ ನಡೆಸಿತ್ತು. ಪುರುಷರಲ್ಲಿ 336ನೇ ರ‍್ಯಾಂಕಿನವರೆಗೆ ಇದ್ದವರಿಗೆ ಮಾತ್ರ ಖರ್ಚು ವರಮಾನ ಸರಿಹೋಗುತ್ತದೆ, ಮಹಿಳೆಯರಲ್ಲಿ 253ರವರೆಗೆ ಎಂದು ಅದರಲ್ಲಿ ಬಂತು. ಕೋಚ್ ಖರ್ಚನ್ನು ಅದಕ್ಕೆ ಸೇರಿಸಿರಲಿಲ್ಲ. ಆಮೇಲೆ ಬಹುಮಾನ ಹೆಚ್ಚಿದೆ. 2024ರಲ್ಲಿ ಪುರುಷರ ವೃತ್ತಿಪರ ಟೆನಿಸ್ ನಡೆಸುವ ಎಟಿಪಿ ಸಂಸ್ಥೆ ಕನಿಷ್ಠ ವರಮಾನದ ಯೋಜನೆಯನ್ನೂ ತಂದಿತು. ಆ ವರ್ಷ ಮೊದಲ ನೂರರವರಿಗೆ 3 ಲಕ್ಷ ಡಾಲರ್, 101ರಿಂದ 175ರವರಿಗೆ ಒಂದೂವರೆ ಲಕ್ಷ, 176ರಿಂದ 250ರವರಿಗೆ 75 ಸಾವಿರ ಡಾಲರ್. ಬಹುಮಾನದಿಂದ ಅಷ್ಟು ಬಾರದಿದ್ದರೆ ಉಳಿದದ್ದನ್ನು ಸಂಸ್ಥೆಯೇ ತುಂಬುತ್ತದೆ. ಇದು ಒಳ್ಳೆಯ ಕೆಲಸ, ತಡವಾಗಿ ಬಂದ ಕೆಲಸ. ಮುನ್ನೂರನೆಯವನು ಮಾತ್ರ ಇನ್ನೂ ಇದರ ಹೊರಗೇ ಇದ್ದಾನೆ.

ಹಾಗಿದ್ದರೆ 23ರ ಬೊಂಜಿ ಆ ಕತ್ತಲ ವರ್ಷಗಳನ್ನು ದಾಟಿದ್ದು ಹೇಗೆ? ಅವರ ಮನೋಬಲವನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಮನೋಬಲ ನಮ್ಮ ಮಕ್ಕಳಲ್ಲೂ ಇದೆ. ಬೊಂಜಿಗೆ ಇದ್ದ ಇನ್ನೊಂದು ಬಲ ಅವರ ದೇಶ ಕಟ್ಟಿಟ್ಟ ವ್ಯವಸ್ಥೆ, ಅದನ್ನೇ ನೀವು ಗಮನಿಸಬೇಕು ಎಂಬುದು ನನ್ನ ಆಸೆ. ಆ ಆರು ಪ್ರಶಸ್ತಿಗಳ ಪಟ್ಟಿಯನ್ನು ಇನ್ನೊಮ್ಮೆ ನೋಡಿ. ಮೂರು ಫ್ರಾನ್ಸಿನೊಳಗೇ ಬಂದಿವೆ. ಕಸ್ಸಿ, ಸೇಂಟ್ ಟ್ರೊಪೇ ಎರಡೂ ಮೆಡಿಟರೇನಿಯನ್ ಕರಾವಳಿಯ ಸಣ್ಣ ಊರುಗಳು, ನೀಮ್‌ನಿಂದ ದೂರವಲ್ಲ. ಇವಲ್ಲದೆ ಕ್ಯಾಂಪೇರ್, ಶೆರ್‌ಬೂರ್, ಲಿಲ್, ಏಕ್ಸ್, ಬೋರ್ಡೊ, ಓರ್ಲಿಯಾ, ಬ್ರೆಸ್ಟ್, ರೋವಾನ್, ಹೀಗೆ ಅಲ್ಲಿ ಸಣ್ಣ ದೊಡ್ಡ ಊರುಗಳಲ್ಲೆಲ್ಲ ಚಾಲೆಂಜರ್ ಟೂರ್ನಿಗಳು ನಡೆದಿವೆ. ವೀಸಾ ಬೇಡ, ಭಾಷೆ ಗೊತ್ತು, ಸೋತರೆ ರೈಲು ಹತ್ತಿ ಮನೆಗೆ ಬರಬಹುದು. ಕ್ಲಬ್‌ಗಳ ನಡುವಿನ ತಂಡ ಪಂದ್ಯಾವಳಿಗಳಲ್ಲಿ ಆಡಿದರೆ ಕ್ಲಬ್‌ಗಳು ಹಣ ಕೊಡುತ್ತವೆ. ಪಕ್ಕದ ಜರ್ಮನಿಯ ಟೆನಿಸ್ ಬುಂಡೆಸ್‌ಲೀಗಾದಲ್ಲೂ ಹಾಗೆಯೇ. ಚಾಲೆಂಜರ್‌ನಲ್ಲಿ ನಾಲ್ಕು ವಾರ ಮೊದಲ ಸುತ್ತಿನಲ್ಲೇ ಸೋತವನ ಬಾಡಿಗೆ ಕಟ್ಟುವುದು ಇಂಥ ಹಣವೇ. ಮೇಲೆ ಫ್ರೆಂಚ್ ಟೆನಿಸ್ ಒಕ್ಕೂಟವಿದೆ. ಹತ್ತು ಲಕ್ಷಕ್ಕೂ ಹೆಚ್ಚು ನೋಂದಾಯಿತ ಆಟಗಾರರಿರುವ ಸಂಸ್ಥೆ ಅದು. ಅದರ ಆದಾಯದ ಬಹುಭಾಗ ಬರುವುದು ಪ್ಯಾರಿಸ್‌ನ ರೋಲಾಂ ಗ್ಯಾರೋಸ್‌ನಲ್ಲಿ ನಡೆಯುವ ಆ ಒಂದು ಟೂರ್ನಿಯಿಂದ. ಆ ಹಣ ಮತ್ತೆ ಕೆಳಗಿನ ಊರುಗಳಿಗೆ, ಕ್ಲಬ್‌ಗಳಿಗೆ, ಕೋಚ್‌ಗಳಿಗೆ ಇಳಿಯುತ್ತದೆ. ಫ್ರೆಂಚ್ ಓಪನ್‌ನ ವೈಲ್ಡ್ ಕಾರ್ಡ್‌ಗಳಲ್ಲಿ ಹೆಚ್ಚಿನವು ಫ್ರೆಂಚರಿಗೇ ಸಿಗುತ್ತವೆ.

ಆ ವೈಲ್ಡ್ ಕಾರ್ಡ್‌ನ ಶಕ್ತಿ ಎಷ್ಟೆಂಬುದನ್ನು 2025ರಲ್ಲಿ ಲೋಯಿಸ್ ಬ್ವಾಸ್ಸೋ ಎಂಬ ಹುಡುಗಿ ತೋರಿಸಿದಳು. ಹಿಂದಿನ ವರ್ಷ ಫ್ರೆಂಚ್ ಓಪನ್‌ಗೆ ವಾರವಿರುವಾಗ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡು ಹೊರಗುಳಿದವಳು, 361ನೇ ರ‍್ಯಾಂಕಿನಿಂದ ನೇರವಾಗಿ ಸೆಮಿಫೈನಲ್‌ಗೆ ಹೋದಳು. ಅಗ್ರ ಆಟಗಾರ್ತಿಯರಾದ ಜೆಸಿಕಾ ಪೆಗುಲಾ, ಮಿರಾ ಆಂಡ್ರೀವಾ ಇಬ್ಬರನ್ನೂ ಸೋಲಿಸಿದಳು. ಎರಡು ವಾರದಲ್ಲಿ 6,90,000 ಯೂರೊ. ಇದು ಎಲ್ಲರಿಗೂ ಆಗುವುದಲ್ಲ, ಇದನ್ನು ನಂಬಿ ಯಾರೂ ಮಗುವಿನ ದಾರಿ ನಿರ್ಧರಿಸಬಾರದು. ಆದರೆ 361ನೆಯವಳನ್ನು ಆಟದಲ್ಲಿ ಉಳಿಸಿಕೊಂಡ ದೇಶಕ್ಕೆ ಮಾತ್ರ ಅಂಥ ಜೂನ್ ತಿಂಗಳು ಬರಲು ಸಾಧ್ಯ.

ಫ್ರಾನ್ಸಿನ ಗಂಡಸರಲ್ಲಿ ಗ್ರ್ಯಾನ್ ಸ್ಲಾಮ್ ಸಿಂಗಲ್ಸ್ ಗೆದ್ದವರು 1983ರ ಯಾನಿಕ್ ನೋವಾ ನಂತರ ಯಾರೂ ಇಲ್ಲ. ಅಲ್ಲಿನ ಪತ್ರಿಕೆಗಳು ಪ್ರತಿ ವರ್ಷ ಮೇ ತಿಂಗಳು ಬಂದರೆ ಇದನ್ನೇ ನೆನಪಿಸುತ್ತವೆ. ನಾನು ಅದನ್ನು ಬೇರೆ ರೀತಿ ನೋಡುತ್ತೇನೆ. ನಲವತ್ತು ವರ್ಷಕ್ಕೂ ಮಿಕ್ಕಿ ಒಬ್ಬ ಚಾಂಪಿಯನ್ ಸಿಗದಿದ್ದರೂ, ಮೊದಲ ನೂರರಲ್ಲಿ ಹತ್ತಾರು ಮಂದಿಯನ್ನು, ಮುನ್ನೂರರಲ್ಲಿ ಇನ್ನಷ್ಟು ಮಂದಿಯನ್ನು ಸಾಕಿಕೊಂಡು ಬಂದ ದೇಶ ಅದು. ಅವರಿಗೆ ಅದು ವೃತ್ತಿ. ಬೆಳಿಗ್ಗೆ ಎದ್ದು ಹೋಗುತ್ತಾರೆ, ದುಡಿಯುತ್ತಾರೆ, ತೆರಿಗೆ ಕಟ್ಟುತ್ತಾರೆ, ಮೂವತ್ತೈದಕ್ಕೆ ಕೋಚ್ ಆಗುತ್ತಾರೆ. ಅವರ ಕೈಕೆಳಗೆ ಮುಂದಿನ ಮಕ್ಕಳು ಕಲಿಯುತ್ತಾರೆ.

ಬೊಂಜಿಯ ಕಥೆಗೆ ಮರಳುತ್ತೇನೆ. 2023ರ ಜನವರಿಯಲ್ಲಿ ಅವರು ಮತ್ತೆ ಭಾರತಕ್ಕೆ ಬಂದರು, ಪುಣೆಯ ಎಟಿಪಿ ಟೂರ್ನಿಗೆ. ಫೈನಲ್‌ನಲ್ಲಿ ಮೊದಲ ಸೆಟ್ ಗೆದ್ದು, ಅದೇ ಗ್ರೀಕ್ಸ್‌ಪೂರ್‌ಗೆ 4-6, 7-5, 6-3ರಿಂದ ಸೋತರು. ಅದೇ ತಿಂಗಳು ಆಸ್ಟ್ರೇಲಿಯನ್ ಓಪನ್‌ನಲ್ಲಿ ಎರಡು ಸೆಟ್ ಹಿಂದಿದ್ದು ಪಾಬ್ಲೊ ಕರೇನ್ಯೊ ಬುಸ್ತಾರನ್ನು ಐದು ಸೆಟ್‌ಗಳಲ್ಲಿ ಸೋಲಿಸಿ ಮೂರನೇ ಸುತ್ತು ಕಂಡರು. ಆ ವರ್ಷ ಅವರ ರ‍್ಯಾಂಕು 42ಕ್ಕೆ ಏರಿತು. ಮತ್ತೆ ಇಳಿಯಿತು. ಟೆನಿಸ್ ರ‍್ಯಾಂಕಿನಲ್ಲಿ ಕಳೆದ 52 ವಾರಗಳ ಗಳಿಕೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹೋದ ವರ್ಷ ಈ ವಾರ ಗೆದ್ದ ಅಂಕ ಈ ವರ್ಷ ಅದೇ ವಾರ ಕರಗಿಹೋಗುತ್ತದೆ, ಮತ್ತೆ ಗಳಿಸಬೇಕು. 2024ರ ಹೊತ್ತಿಗೆ ಬೊಂಜಿ ನೂರರಿಂದ ಹೊರಬಿದ್ದು ಮತ್ತೆ ಅರ್ಹತಾ ಸುತ್ತುಗಳಲ್ಲಿ ಆಡುತ್ತಿದ್ದರು. 42ನೇ ಸ್ಥಾನ ಕಂಡವನಿಗೆ ಪ್ರೇಕ್ಷಕರಿಲ್ಲದ ಹಿಂದಿನ ಕೋರ್ಟಿನಲ್ಲಿ ಬೆಳಿಗ್ಗೆ ಹತ್ತಕ್ಕೆ ಅರ್ಹತಾ ಪಂದ್ಯ ಆಡುವುದು ಸುಲಭವಲ್ಲ. ಅಲ್ಲಿ ಬೇಕಾದದ್ದು ವಿನಯ, ಅದನ್ನು ಯಾವ ಅಕಾಡೆಮಿಯೂ ಕಲಿಸಿಕೊಡದು.

2024ರ ನವೆಂಬರ್‌ನಲ್ಲಿ ಫ್ರಾನ್ಸಿನ ಮೆಸ್ ನಗರದ ಟೂರ್ನಿಗೆ ಹಾಗೆಯೇ ಅರ್ಹತಾ ಸುತ್ತಿನಿಂದ ಬಂದು, ಫೈನಲ್‌ನಲ್ಲಿ ಬ್ರಿಟನ್ನಿನ ಕ್ಯಾಮರಾನ್ ನಾರಿ ಅವರನ್ನು 7-6, 6-4ರಿಂದ ಸೋಲಿಸಿದರು. ಅದು ಅವರ ಮೊದಲ ಎಟಿಪಿ ಪ್ರಶಸ್ತಿ. ವಯಸ್ಸು 28. ರ‍್ಯಾಂಕು ಮತ್ತೆ ನೂರರೊಳಗೆ.

2025ರಲ್ಲಿ ಮೆಡ್ವೆಡೆವ್ ಮತ್ತೆ ಎದುರಾದರು, ಎರಡು ಸಲ. ವಿಂಬಲ್ಡನ್ ಮೊದಲ ಸುತ್ತಿನಲ್ಲಿ ಬೊಂಜಿ ನಾಲ್ಕು ಸೆಟ್‌ಗಳಲ್ಲಿ ಗೆದ್ದರು. ಆಗಸ್ಟ್‌ನಲ್ಲಿ ಅಮೆರಿಕನ್ ಓಪನ್ ಮೊದಲ ಸುತ್ತಿನಲ್ಲೂ ಅದೇ ಜೋಡಿ. ಬೊಂಜಿ ಎರಡು ಸೆಟ್ ಗೆದ್ದು, ಮೂರನೆಯದರಲ್ಲಿ 5-4ಕ್ಕೆ ಮ್ಯಾಚ್ ಪಾಯಿಂಟ್‌ನಲ್ಲಿ ಸರ್ವ್ ಮಾಡುತ್ತಿದ್ದಾಗ ಛಾಯಾಗ್ರಾಹಕನೊಬ್ಬ ಕೋರ್ಟಿನೊಳಗೆ ಬಂದುಬಿಟ್ಟ. ಮೊದಲ ಸರ್ವ್ ಆಗಲೇ ತಪ್ಪಿತ್ತು. ಅಡ್ಡಿಯಾದ ಕಾರಣ ಅಂಪೈರ್ ಮತ್ತೆ ಮೊದಲ ಸರ್ವ್ ಕೊಟ್ಟರು. ಮೆಡ್ವೆಡೆವ್ ಸಿಟ್ಟಾಗಿ ಜನರನ್ನು ಹುರಿದುಂಬಿಸಿದರು. ಆರು ನಿಮಿಷಕ್ಕೂ ಹೆಚ್ಚು ಹೊತ್ತು ಕೂಗಾಟ. ಆ ಸೆಟ್ ಟೈಬ್ರೇಕರ್‌ನಲ್ಲಿ ಬೊಂಜಿಯ ಕೈತಪ್ಪಿತು, ನಾಲ್ಕನೆಯದು 0-6. ಅಲ್ಲಿಗೆ ಮುಗಿಯಿತು ಎಂದೇ ನೋಡುವವರಿಗೆ ಅನಿಸುವಂತಿತ್ತು. ಐದನೇ ಸೆಟ್ ಅನ್ನು ಬೊಂಜಿ 6-4ಕ್ಕೆ ಗೆದ್ದರು. ಮರುದಿನ ಜಗತ್ತಿನ ಪತ್ರಿಕೆಗಳಲ್ಲಿ ಮೆಡ್ವೆಡೆವ್ ರ‍್ಯಾಕೆಟ್ ಒಡೆದದ್ದು, ಆಮೇಲೆ 42,500 ಡಾಲರ್ ದಂಡ ಬಿದ್ದದ್ದು ಸುದ್ದಿ. ನನ್ನ ಮಟ್ಟಿಗೆ ಆ ರಾತ್ರಿಯ ದೊಡ್ಡ ಸಂಗತಿ ಆ ಐದನೇ ಸೆಟ್. ಹತ್ತು ವರ್ಷ ಸಣ್ಣ ಊರುಗಳಲ್ಲಿ, ಖಾಲಿ ಗ್ಯಾಲರಿಗಳ ಮುಂದೆ ಸೋತು ಮತ್ತೆ ಸೋಮವಾರ ಎದ್ದು ನಿಂತವನಿಗೆ ಮಾತ್ರ 0-6ರ ನಂತರ ಹಾಗೆ ಆಡಲು ಬರುತ್ತದೆ ಎಂದು ನಾನು ನಂಬಿದ್ದೇನೆ.

ಆ ಟೂರ್ನಿಯ ಮೂರನೇ ಸುತ್ತಿನಲ್ಲಿ ಬೊಂಜಿ ಸೋತದ್ದು ತನ್ನದೇ ದೇಶದ ಆರ್ಥರ್ ರಿಂಡರ್‌ಕ್ನೆಷ್‌ಗೆ. ಅವರ ದಾರಿ ಇನ್ನೊಂದು ಬಗೆಯದು, ನಿಮಗೆ ಅದೂ ಉಪಯೋಗಕ್ಕೆ ಬರಬಹುದು. ಅವರು ಅಮೆರಿಕದ ಟೆಕ್ಸಸ್ ಎ ಆ್ಯಂಡ್ ಎಂ ವಿಶ್ವವಿದ್ಯಾಲಯದಲ್ಲಿ ಕಾಲೇಜು ಟೆನಿಸ್ ಆಡುತ್ತ ಓದಿ, ಆಮೇಲೆ ವೃತ್ತಿಗೆ ಇಳಿದವರು. ನಮ್ಮ ಸೋಮ್‌ದೇವ್ ದೇವ್‌ವರ್ಮನ್ ಕೂಡ ವರ್ಜೀನಿಯಾದಲ್ಲಿ ಓದಿ, 2007 ಮತ್ತು 2008ರಲ್ಲಿ ಅಮೆರಿಕದ ಕಾಲೇಜು ಚಾಂಪಿಯನ್ ಆಗಿ, ನಂತರ 62ನೇ ರ‍್ಯಾಂಕಿಗೆ ಹೋದರು. ಹದಿನೆಂಟಕ್ಕೆ "ಓದೋ ಆಟವೋ" ಎಂದು ಮಗುವನ್ನು ನಿಲ್ಲಿಸಿ ಕೇಳುವ ಮೊದಲು ಈ ದಾರಿಯನ್ನು ವಿಚಾರಿಸಿ. ಅಲ್ಲಿ ಕ್ರೀಡಾ ವಿದ್ಯಾರ್ಥಿವೇತನಗಳಿವೆ.

ನಮ್ಮವರ ಲೆಕ್ಕವನ್ನೂ ಮುಚ್ಚಿಡುವುದಿಲ್ಲ. ಬೊಂಜಿ ಸೋತ ಅದೇ ಬೆಂಗಳೂರು ಟೂರ್ನಿಯನ್ನು 2017ರಲ್ಲಿ ಸುಮಿತ್ ನಾಗಲ್ ಗೆದ್ದಿದ್ದರು, 2018ರಲ್ಲಿ ಪ್ರಜ್ಞೇಶ್ ಗುಣೇಶ್ವರನ್. ಗಾಯಗಳಿಂದ ಎಷ್ಟೋ ವರ್ಷ ಕಳೆದುಕೊಂಡ ಪ್ರಜ್ಞೇಶ್ 29ರ ವಯಸ್ಸಿನಲ್ಲಿ, 2019ರಲ್ಲಿ, 75ನೇ ರ‍್ಯಾಂಕಿಗೇರಿ ಆ ವರ್ಷದ ನಾಲ್ಕೂ ಗ್ರ್ಯಾನ್ ಸ್ಲಾಮ್‌ಗಳ ಮುಖ್ಯ ಸುತ್ತಿನಲ್ಲಿ ಆಡಿದರು. 2024ರಲ್ಲಿ ನಿವೃತ್ತರಾದರು. ನಾಗಲ್ 2023ರ ಸೆಪ್ಟೆಂಬರ್‌ನಲ್ಲಿ, ದೇಶದ ನಂಬರ್ ಒನ್ ಆಟಗಾರನಾಗಿದ್ದಾಗಲೇ, ತಮ್ಮ ಖಾತೆಯಲ್ಲಿ ಸುಮಾರು 80 ಸಾವಿರ ರೂಪಾಯಿ ಉಳಿದಿದೆ ಎಂದು ಬಹಿರಂಗವಾಗಿ ಹೇಳಿಕೊಂಡರು. ನಾಲ್ಕು ತಿಂಗಳಲ್ಲಿ ಆಸ್ಟ್ರೇಲಿಯನ್ ಓಪನ್‌ನಲ್ಲಿ ಕಜಕಸ್ತಾನದ ಅಲೆಕ್ಸಾಂಡರ್ ಬುಬ್ಲಿಕ್ ಅವರನ್ನು ಸೋಲಿಸಿದರು, 2024ರ ಜುಲೈಗೆ 68ನೇ ರ‍್ಯಾಂಕು. ಅವರು ಆ ಸೆಪ್ಟೆಂಬರ್‌ನಲ್ಲಿ ಆಟ ನಿಲ್ಲಿಸಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಹಾಗೆ ನಿಲ್ಲಿಸಿದವರು ನಮ್ಮಲ್ಲಿ ಎಷ್ಟು ಮಂದಿಯೋ ಎಂಬ ಯೋಚನೆ ನನ್ನನ್ನು ಬಿಡುವುದಿಲ್ಲ.

ಆದ್ದರಿಂದ ಮನೆ ಅಡವಿಟ್ಟು ಮಗುವನ್ನು ಆಡಿಸಿ ಎಂದು ನಾನು ಹೇಳಲಾರೆ. ಫ್ರಾನ್ಸಿನ ಹುಡುಗನಿಗಿರುವ ಆಸರೆ ನಮ್ಮ ಹುಡುಗನಿಗಿಲ್ಲ, ಅದನ್ನು ಮರೆತು ಧೈರ್ಯ ತುಂಬುವುದು ಅನ್ಯಾಯ. ಕೇಳಿಕೊಳ್ಳುವುದು ಇಷ್ಟೇ. "ಚಾಂಪಿಯನ್ ಆಗುತ್ತಾನಾ" ಎಂಬ ಪ್ರಶ್ನೆಯನ್ನು ಬಿಡಿ. 32 ಮಂದಿಯ ಟೂರ್ನಿಯಲ್ಲಿ 31 ಮಂದಿ ಸೋತೇ ಮನೆಗೆ ಹೋಗುತ್ತಾರೆ. ಪ್ರತಿ ವಾರವೂ ಹೀಗೆಯೇ. ನಿಮ್ಮ ಮಗು ಸೋತ ಮರುದಿನ ತಾನಾಗಿ ಕೋರ್ಟಿಗೆ ಹೋಗಲು ಬಯಸುತ್ತದೆಯೇ? ಪ್ರಾಕ್ಟೀಸ್ ಅದಕ್ಕೆ ಹೊರೆಯೋ ಹಬ್ಬವೋ? ಇದಕ್ಕೆ ಉತ್ತರ ಕೋಚ್‌ಗಿಂತ ನಿಮಗೇ ಚೆನ್ನಾಗಿ ಗೊತ್ತು. ಆ ಉತ್ತರ ಗಟ್ಟಿಯಾಗಿದ್ದರೆ ಹದಿನೆಂಟಕ್ಕೆ ಬಾಗಿಲು ಹಾಕಬೇಡಿ. ಇಪ್ಪತ್ನಾಲ್ಕರವರೆಗೆ ಸಮಯ ಕೊಡಿ. ಸಂಬಂಧಿಕರ ಮುಂದೆ "ನಮ್ಮ ಮಗಳು ದೇಶದಲ್ಲಿ ಇಷ್ಟನೆಯವಳು, ಜಗತ್ತಿನಲ್ಲಿ ಐನೂರನೆಯವಳು" ಎಂದು ಹೆಮ್ಮೆಯಿಂದ ಹೇಳಿ. ಅದು ಸಣ್ಣ ಮಾತಲ್ಲ.

ಇನ್ನೊಂದು ಕೆಲಸ ನೀವು ಒಟ್ಟಾಗಿ ಮಾಡಬೇಕಾದದ್ದು. ಪುಣೆಯ ಆ ಎಟಿಪಿ ಟೂರ್ನಿ 2023ರ ನಂತರ ಭಾರತವನ್ನೇ ಬಿಟ್ಟುಹೋಯಿತು. ಅದನ್ನು ಮರಳಿ ತರುವುದು ನಮ್ಮ ಕೈಯಲ್ಲಿಲ್ಲ. ಸಣ್ಣ ಟೂರ್ನಿಗಳು ಇವೆ. ಮೈಸೂರು, ಧಾರವಾಡ, ಕಲಬುರಗಿಗಳಲ್ಲಿ ಈಚಿನ ವರ್ಷಗಳಲ್ಲಿ ಅಂತರರಾಷ್ಟ್ರೀಯ ಒಕ್ಕೂಟದ ಟೂರ್ನಿಗಳು ನಡೆದಿವೆ, ಹೊರದೇಶದ ಆಟಗಾರರು ಅಲ್ಲಿಗೆ ಬಂದು ಆಡಿದ್ದಾರೆ. ನಮ್ಮ ಹುಡುಗರಿಗೆ ಬೇಕಿರುವುದು ಇವೇ. ಊರೂಟ ತಿಂದು, ಬಸ್ಸಿನಲ್ಲಿ ಹೋಗಿ, ರ‍್ಯಾಂಕಿಂಗ್ ಅಂಕ ಗಳಿಸಬಲ್ಲ ವಾರಗಳು. ಆದರೆ ಒಂದು ವರ್ಷ ಇದ್ದು ಮರುವರ್ಷ ಇಲ್ಲವಾದರೆ ಯಾರೂ ಅದನ್ನು ನಂಬಿ ವರ್ಷದ ಯೋಜನೆ ಹಾಕಲಾರರು. ನಿಮ್ಮ ಜಿಲ್ಲೆಯ ಟೆನಿಸ್ ಸಂಸ್ಥೆಗೆ, ರಾಜ್ಯ ಸಂಸ್ಥೆಗೆ, ಕ್ರೀಡಾ ಇಲಾಖೆಗೆ ಈ ವರ್ಷವೇ ಪತ್ರ ಬರೆದು ಕೇಳಿ: ಮುಂದಿನ ಮೂರು ವರ್ಷ ನಮ್ಮ ರಾಜ್ಯದಲ್ಲಿ ಹುಡುಗರಿಗೆ ಎಷ್ಟು ವಾರ, ಹುಡುಗಿಯರಿಗೆ ಎಷ್ಟು ವಾರ ಅಂತರರಾಷ್ಟ್ರೀಯ ಟೂರ್ನಿ ಇರುತ್ತದೆ, ಯಾವ ಊರಲ್ಲಿ, ಯಾವ ತಿಂಗಳಲ್ಲಿ? ಒಬ್ಬರೇ ಬರೆದರೆ ಫೈಲಿನಲ್ಲಿ ಉಳಿಯುತ್ತದೆ. ಒಂದು ಅಕಾಡೆಮಿಯ ಅಪ್ಪ ಅಮ್ಮಂದಿರೆಲ್ಲ ಸಹಿ ಹಾಕಿ ಕಳಿಸಿ, ಉತ್ತರ ಬರದಿದ್ದರೆ ತಿಂಗಳು ಬಿಟ್ಟು ಮತ್ತೆ ಕಳಿಸಿ, ಪ್ರತಿಯನ್ನು ನಿಮ್ಮ ಶಾಸಕರಿಗೂ ಕೊಡಿ.

ಇತಿ ನಿಮ್ಮ,
ಒಬ್ಬ ಟೆನಿಸ್ ಅಭಿಮಾನಿ